ಒಲೆ ಹಚ್ಚಿದ ಸುದ್ದಿ

ಜಪಾನಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಬುಲೆಟ್ ರೈಲಿನ ಬಗ್ಗೆ, ಆಮೇಲೆ ಚೆರ್ರಿ ಹೂವಿನ ಬಗ್ಗೆ. ಎರಡನ್ನೂ ನಾನು ನೋಡಲಿಲ್ಲ. ಜನವರಿ, ಫೆಬ್ರವರಿ ಎರಡು ತಿಂಗಳು ಕ್ಯೋಟೋದಲ್ಲಿದ್ದು ನಾನು ಹತ್ತಿರದಿಂದ ನೋಡಿದ್ದು ಒಂದು ಬಾಣಂತಿ ಕೋಣೆ, ಒಂದು ಬಚ್ಚಲುಮನೆ ಮತ್ತು ಮನೆಯ ಹಿಂಗೋಡೆಯ ಮೇಲಿದ್ದ ಒಂದು ಗ್ಯಾಸ್ ಮೀಟರು. ಮೀಟರು ನೋಡಲು ಯಾರೂ ವೀಸಾ ಮಾಡಿಸಿಕೊಂಡು ಹೋಗುವುದಿಲ್ಲ, ನಿಜ. ಆದರೆ ನನ್ನ ಬಳಿ ಹೇಳುವುದಕ್ಕೆ ಇರುವುದು ಅದೇ.

ಕ್ಯೋಟೋ, ಮೊದಲ ವಾರ

ನನಗಿಂತ ಹದಿನೆಂಟು ವರ್ಷ ಚಿಕ್ಕವನಾದ ತಮ್ಮ ಶ್ರೀಕಂಠ, ಮನೆಯಲ್ಲಿ ಕಂಠಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕ. ಡಿಸೆಂಬರ್ ಕೊನೆಯಲ್ಲಿ ಅವನ ಹೆಂಡತಿ ನಮಿತಾಗೆ ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ಹೋಗಬೇಕಿದ್ದ ನಮಿತಾಳ ತಾಯಿ ಬೆಂಗಳೂರಿನಲ್ಲಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. "ಅಕ್ಕಾ, ಹೇಗಿದ್ರೂ ರಿಟೈರ್ ಆಗಿದ್ದೀಯಲ್ಲ, ನೀನು ಬರ್ತೀಯಾ?" ಎಂದು ಕಂಠಿ ಫೋನಿನಲ್ಲಿ ಕೇಳಿದ.

ನಾನು ಮದುವೆಯಾದವಳಲ್ಲ, ಹೆತ್ತವಳಲ್ಲ. ಮೂವತ್ತು ವರ್ಷ ಮೈಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಬಾಣಂತನದ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಚಿಕ್ಕಂದಿನಲ್ಲಿ ಅಮ್ಮ ಮಾಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ಇಣುಕಿ ಕಂಡದ್ದು: ಎಣ್ಣೆ, ಹಂಡೆ ತುಂಬ ಸುಡುಸುಡು ನೀರು, ಸಾಂಬ್ರಾಣಿ ಹೊಗೆ, ಕಂಬಳಿ. ಆದರೂ ಅವನು ಮಾತು ಮುಗಿಸುವ ಮೊದಲೇ ಹೂಂ ಎಂದುಬಿಟ್ಟೆ. ಶಾಲೆ ಬಿಟ್ಟು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ನನ್ನನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ.

ಅವರದು ಗಲ್ಲಿಯೊಳಗಿನ ಹಳೆಯ ಮರದ ಮನೆ. ಒಳಗೆ ಕೂತು ಉಸಿರು ಬಿಟ್ಟರೂ ಬಾಯಿಂದ ಹೊಗೆ ಬರುತ್ತದೆ. ತಾಯಿ ಮಗು ಮಲಗುವ ಕೆಳಗಿನ ಕೋಣೆಯಲ್ಲಿ ಮೊಣಕಾಲೆತ್ತರದ ಒಂದು ಹೀಟರು, ಅದರ ಬೆನ್ನಿನಿಂದ ಗೋಡೆಯ ಗ್ಯಾಸ್ ನಲ್ಲಿಗೆ ಒಂದು ಕೊಳವೆ. ಬಿಸಿನೀರಿಗೆ ಮನೆಯ ಹಿಂದೆ ಇನ್ನೊಂದು ಗ್ಯಾಸ್ ಪೆಟ್ಟಿಗೆ. ಅದನ್ನು ನಡೆಸಲು ಅಡುಗೆಮನೆಯ ಗೋಡೆಯಲ್ಲಿ ಒಂದು ಫಲಕ. ಗುಂಡಿ ಒತ್ತಿದರೆ ಅದರೊಳಗಿನ ಹೆಂಗಸು ಬಹಳ ಮರ್ಯಾದೆಯಿಂದ ಏನೋ ಹೇಳಿ ನೀರು ಬಿಡುತ್ತಾಳೆ. ಮೊದಲ ವಾರ ನನ್ನೊಂದಿಗೆ ಅತಿ ಹೆಚ್ಚು ಮಾತಾಡಿದವಳು ಅವಳೇ.

ಕಂಠಿ ಬೆಳಗ್ಗೆ ಸೈಕಲ್ ಹತ್ತಿದರೆ ಬರುವುದು ಕತ್ತಲಾದ ಮೇಲೆ. ನಮಿತಾ ಒಳ್ಳೆಯ ಹುಡುಗಿ, ಆದರೆ ಅವಳಿಗೆ ಆಸ್ಪತ್ರೆಯವರು ಕೊಟ್ಟ ಪುಸ್ತಕವೇ ವೇದ. ಮಗುವಿನ ನಿದ್ದೆ, ಹಾಲು, ಒದ್ದೆ ಎಲ್ಲಕ್ಕೂ ಅವಳ ಫೋನಿನಲ್ಲಿ ಪಟ್ಟಿಯಿತ್ತು. ನಾನು ಎಣ್ಣೆಯ ಬಟ್ಟಲು ಹಿಡಿದು ಹೋದ ಮೊದಲ ದಿನವೇ ಹೇಳಿದಳು: "ಅಕ್ಕಾ, ಇಲ್ಲಿ ಡಾಕ್ಟ್ರು ಶವರ್ ಸಾಕು ಅಂದಿದ್ದಾರೆ. ಅಷ್ಟೊಂದು ಬಿಸಿ ಎಲ್ಲ ಬೇಡ, ಪ್ಲೀಸ್."

"ಬಿಸಿ ಅಂದ್ರೆ ಕುದಿಯೋದಲ್ಲಮ್ಮ. ಮೈಗೆ ಹಿತ ಆಗೋಷ್ಟು."

"ಓಕೆ ಅಕ್ಕಾ. ಬಟ್ ಹತ್ತೇ ನಿಮಿಷ."

ಹತ್ತು ನಿಮಿಷ ಕೊಟ್ಟಿದ್ದು ನನ್ನ ಮನಸ್ಸು ನೋಯಬಾರದೆಂದು. ಅದು ನನಗೆ ಗೊತ್ತಾಗುತ್ತಿತ್ತು, ಗೊತ್ತಾದದ್ದೇ ನೋವು. ಬಚ್ಚಲೇನೋ ಬಾಣಂತಿಗೆಂದೇ ಹೇಳಿ ಮಾಡಿಸಿದಂತಿತ್ತು: ತೊಟ್ಟಿಯ ಹೊರಗೆ ಕೂತು ಮೀಯಲು ಅಗಲವಾದ ನೆಲ, ಸಣ್ಣ ಸ್ಟೂಲು, ಚೊಂಬಿನಂಥ ಪಾತ್ರೆ. ನಾನು ನೀರು ಹಾಕುತ್ತಿದ್ದೆ, ಅವಳು ಕಣ್ಣು ಮುಚ್ಚಿ ಮುಗಿಯುವುದನ್ನೇ ಕಾಯುತ್ತಿದ್ದಳು. ಉಳಿದ ಹೊತ್ತಿನಲ್ಲಿ ನನ್ನ ಬಾಣಂತನವೆಲ್ಲ ಅಡುಗೆಮನೆಯಲ್ಲಿ. ಕುಡಿಯಲು ಬಿಸಿನೀರೇ ಬೇಕೆಂದು ದೊಡ್ಡ ಪಾತ್ರೆಯನ್ನು ಸಣ್ಣ ಉರಿಯಲ್ಲಿ ದಿನವಿಡೀ ಇಟ್ಟಿರುತ್ತಿದ್ದೆ. ಎರಡು ಗಂಟೆಗೊಮ್ಮೆ ಆ ಒಲೆ ತಾನಾಗಿ ಆರುತ್ತಿತ್ತು. ಸೋಮಾರಿ ಒಲೆ ಎಂದು ಬೈದು ಮತ್ತೆ ಹಚ್ಚುತ್ತಿದ್ದೆ. ಕೋಣೆಯ ಹೀಟರನ್ನಂತೂ ಹಗಲೂ ರಾತ್ರಿ ಆರಿಸಲು ಬಿಡುತ್ತಿರಲಿಲ್ಲ; ಕಂಠಿ ಮಾತ್ರ ಮಲಗುವ ಮೊದಲು ನನಗೆ ಹೇಳದೆ ಒಂದಿಷ್ಟು ಹೊತ್ತು ಆರಿಸುತ್ತಿದ್ದ.

ಪೊರಕೆಯ ಗಡಿ

ಪಕ್ಕದ ಮನೆಯಲ್ಲಿ ಹಮಾದಾ ಸಾನ್ (ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ) ಎಂಬ ಎಂಬತ್ತರ ಅಂಚಿನ ಹೆಂಗಸು ಒಬ್ಬರೇ ಇದ್ದರು. ದಿನಾ ಬೆಳಗ್ಗೆ ಏಳೂವರೆಗೆ ಮನೆಮುಂದೆ ಗುಡಿಸುತ್ತಿದ್ದರು. ಪೊರಕೆಯ ಸದ್ದು ಕೇಳಿದರೆ ನನಗೆ ಊರಿನ ನೆನಪು. ಒಂದು ದಿನ ಅವರಿಗಿಂತ ಮೊದಲೇ ಎದ್ದು ನಮ್ಮ ಬಾಗಿಲಿನಿಂದ ಶುರುಮಾಡಿ ಅವರ ಬಾಗಿಲನ್ನೂ ದಾಟಿ ಗಲ್ಲಿಯ ತುದಿಯವರೆಗೆ ಗುಡಿಸಿಬಿಟ್ಟೆ. ನೀರು ಚಿಮುಕಿಸಿದರೆ ಹೆಪ್ಪುಗಟ್ಟಿ ಜನ ಜಾರಿ ಬೀಳುತ್ತಾರೆಂದು ಕಂಠಿ ಮೊದಲೇ ಹೇಳಿದ್ದರಿಂದ ಅದೊಂದನ್ನು ಮಾಡಲಿಲ್ಲ. ವಯಸ್ಸಾದವರಿಗೆ ಒಂದು ದಿನ ಸೊಂಟಕ್ಕೆ ಆರಾಮವಾಗಲಿ ಎಂಬ ಖುಷಿಯಲ್ಲಿ ಒಳಗೆ ಬಂದೆ.

ಹಮಾದಾ ಸಾನ್ ಹೊರಬಂದವರು ಸ್ವಚ್ಛವಾದ ಬೀದಿ ನೋಡಿ ಪೊರಕೆ ಹಿಡಿದು ಹಾಗೇ ನಿಂತರು. ಆಮೇಲೆ ನಮ್ಮ ಬಾಗಿಲಿಗೆ ಬಂದು ನಾಲ್ಕು ಸಲ ತಲೆಬಾಗಿ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು. ನಾನೂ ನಾಲ್ಕು ಸಲ ಬಗ್ಗಿದೆ. ಸಂಜೆ ಕಂಠಿ ತಲೆಮೇಲೆ ಕೈಹೊತ್ತುಕೊಂಡ.

"ಅಕ್ಕಾ, ಇಲ್ಲಿ ನಮ್ಮ ಮುಂದೆ ಗುಡಿಸಿ ಪಕ್ಕದವ್ರ ಕಡೆ ಒಂದು ಅಡಿ ಅಷ್ಟೇ ಹೋಗ್ಬೇಕು. ಅದು ಮರ್ಯಾದೆ. ಪೂರ್ತಿ ಗುಡಿಸಿದ್ರೆ, ನಿಮ್ಮ ಕೈಲಾಗ್ತಿಲ್ಲ ಅಂತ ಹೇಳ್ದಂಗೆ."

"ಒಂದು ಅಡಿ ಅಂತ ಅಳತೆ ಮಾಡಿ ಯಾರಾದ್ರೂ ಪ್ರೀತಿ ತೋರಿಸ್ತಾರೇನೋ?"

"ಇಲ್ಲಿ ತೋರಿಸ್ತಾರೆ."

ಆಮೇಲೆ ಹಮಾದಾ ಸಾನ್ ಕಂಡರೆ ನಾನು ಕಿಟಕಿಯಿಂದ ಹಿಂದೆ ಸರಿಯುತ್ತಿದ್ದೆ. ಮೈಸೂರಿನಲ್ಲಾದರೆ ಮಾಡಿದ ತಪ್ಪಿಗೆ ಒಂದು ಬಟ್ಟಲು ಸಾರು ಕೊಟ್ಟು, ತಿಂಡಿ ಆಯ್ತಾ ಎಂದು ಕೇಳಿ ಸರಿಮಾಡಬಹುದಿತ್ತು. ಈ ಊರಿನಲ್ಲಿ ತಿಂಡಿ ಆಯ್ತಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳುವವರಿಲ್ಲದೆ ತಿಂದ ತಿಂಡಿ ಗಂಟಲಲ್ಲಿ ಇಳಿಯುವುದೂ ನಿಧಾನ. ಆದರೆ ನಿಜ ಹೇಳಬೇಕು, ಈ ಸಂಕಟ ಜಪಾನಿನಲ್ಲಿ ಶುರುವಾದದ್ದಲ್ಲ. ಸ್ಟಾಫ್ ರೂಮು ಬಿಟ್ಟ ಮೇಲೆ ಮೈಸೂರಿನಲ್ಲೂ ನನ್ನನ್ನು ಕೇಳುವವರಿರಲಿಲ್ಲ.

ಕಂಠಿ ತ್ಸುಕುಬಾಕ್ಕೆ ಹೋದ ಮರುದಿನ

ಮಗುವಿಗೆ ಇಪ್ಪತ್ತೆರಡು ದಿನವಾಗಿತ್ತು. ಕಂಠಿ ಯಾವುದೋ ಪ್ರಯೋಗಾಲಯದ ಕೆಲಸಕ್ಕೆ ಮೂರು ದಿನ ತ್ಸುಕುಬಾ ಎಂಬ ದೂರದ ಊರಿಗೆ ಹೋಗಿದ್ದ. ಬೆಳಗ್ಗೆ ಆರೂವರೆಗೆ ನಾನು ಎದ್ದಾಗ ಹೊರಗೆ ಹಿಮ ಸಣ್ಣಗೆ ಉದುರುತ್ತಿತ್ತು, ಕೋಣೆಯ ಹೀಟರು ಆರಿತ್ತು. ಗೋಡೆಯ ಉಷ್ಣಮಾಪಕ ಏಳು ಡಿಗ್ರಿ ತೋರಿಸುತ್ತಿತ್ತು. ಮಗುವಿನ ಮೂಗಿನ ತುದಿ ತಣ್ಣಗಿತ್ತು.

ಗುಂಡಿ ಒತ್ತಿದೆ. ಹೀಟರು ಟಿಕ್ ಟಿಕ್ ಎಂದು ಕಿಡಿ ಹಾರಿಸಿ, ಬೆಂಕಿ ಹಿಡಿಯದೆ, ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಅಡುಗೆಮನೆಗೆ ಹೋಗಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು ಬಂತು, ಫಲಕದ ಮೇಲೆ ಮೂರು ಒಂದುಗಳು ಮಿನುಗಿದವು. ಒಳಗಿನ ಹೆಂಗಸು ಮಾತಾಡಲೇ ಇಲ್ಲ. ಅವಳೂ ನನ್ನ ಕೈಬಿಟ್ಟಳು ಎಂದುಕೊಂಡೆ.

ನಮಿತಾ ರಾತ್ರಿಯಿಡೀ ಮಗು ಎತ್ತಿಕೊಂಡಿದ್ದು ಐದಕ್ಕೆ ಕಣ್ಣು ಮುಚ್ಚಿದ್ದಳು. ಅವಳನ್ನು ಎಬ್ಬಿಸಿದರೆ ಗ್ಯಾಸಿನವರಿಗೆ ಜಪಾನಿಯಲ್ಲಿ ಫೋನ್ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಅವಳ ಮೇಲಿನ ಕನಿಕರ ಅರ್ಧ, ಉಳಿದರ್ಧ ನನ್ನ ಜಂಬ. ಈ ಮನೆಯಲ್ಲಿ ಒಂದೇ ಒಂದು ಕೆಲಸ ನನ್ನಿಂದಲೇ ಆಗಬೇಕಿತ್ತು. ತಾಯಿ ಮಗು ಇಬ್ಬರ ಮೇಲೂ ನನ್ನ ಕಂಬಳಿ, ಶಾಲು, ಕೊನೆಗೆ ನನ್ನ ರೇಷ್ಮೆ ಸೀರೆಯನ್ನೂ ಹೊದಿಸಿ ಅಡುಗೆಮನೆಗೆ ಬಂದೆ.

ಎಂಟನೇ ತರಗತಿಗೆ ಪ್ರತಿ ವರ್ಷ ಹೇಳಿದ ಪಾಠ: ಬೆಂಕಿಗೆ ಮೂರು ಬೇಕು. ಉರಿಯುವ ವಸ್ತು, ಗಾಳಿ, ಕಿಡಿ. ಮೊದಲು ಮೂಗಿನಿಂದ ಎಲ್ಲ ಕಡೆ ಮೂಸಿದೆ. ಗ್ಯಾಸಿನ ವಾಸನೆಯಿಲ್ಲ. ಆದರೂ ಇರಲಿ ಎಂದು ಕಿಟಕಿ ತೆರೆದು, ಒಲೆಯ ಗುಂಡಿ ತಿರುಗಿಸಿದೆ. ಕಿಡಿ ಚೆನ್ನಾಗಿಯೇ ಹಾರುತ್ತಿದೆ, ಗಾಳಿ ಕಿಟಕಿಯಿಂದ ಬೇಡವೆಂದರೂ ಬರುತ್ತಿದೆ, ಉರಿ ಮಾತ್ರ ಇಲ್ಲ. ಒಲೆ, ಹೀಟರು, ನೀರಿನ ಪೆಟ್ಟಿಗೆ ಮೂರೂ ಒಟ್ಟಿಗೆ ಕೆಡುವುದಿಲ್ಲ. ಹಾಗಾದರೆ ಹೀಟರಿನದೂ ತಪ್ಪಲ್ಲ, ನೀರಿನ ಪೆಟ್ಟಿಗೆಯದೂ ತಪ್ಪಲ್ಲ, ಮನೆಗೆ ಗ್ಯಾಸೇ ಬರುತ್ತಿಲ್ಲ. ಇಷ್ಟು ಕಂಡುಹಿಡಿದು ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಆಮೇಲೆ ಸಿಲಿಂಡರ್ ಹುಡುಕಲು ಹೊರಟೆ. ಮುಗಿದಿದ್ದರೆ ಊರಿನಲ್ಲಿ ಮಾಡುವಂತೆ ಸ್ವಲ್ಪ ಅಲುಗಾಡಿಸಿ ಒಂದು ಹೊತ್ತು ದೂಡಬಹುದು. ಸಿಂಕಿನ ಕೆಳಗೆ ನೋಡಿದೆ, ಮೆಟ್ಟಿಲ ಕೆಳಗೆ ನೋಡಿದೆ, ಬಾಣಂತಿಯ ಮಂಚದ ಕೆಳಗೂ ಬಗ್ಗಿ ನೋಡಿದೆ. ಕ್ಯೋಟೋದಲ್ಲಿ ಗ್ಯಾಸು ಕೊಳಾಯಿ ನೀರಿನಂತೆ ನೆಲದಡಿಯ ಪೈಪಿನಲ್ಲಿ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮನೆಯ ಹಿಂಬದಿ

ಕಂಠಿಯ ಕೋಟು ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ಕೈಯಲ್ಲಿ ಯಾಕೋ ಸೌಟು ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ. ಗೋಡೆಯ ಮೇಲೆ ಬಿಸಿನೀರಿನ ಪೆಟ್ಟಿಗೆಯ ಪಕ್ಕ ಗ್ಯಾಸ್ ಮೀಟರಿನ ಬಿಳಿಯ ಪೆಟ್ಟಿಗೆ, ಅದರಲ್ಲಿ ಒಂದು ಕೆಂಪು ದೀಪ ಮಿಟುಕುತ್ತಿತ್ತು. ಪಕ್ಕದಲ್ಲಿ ತೂಗುಹಾಕಿದ್ದ ಚೀಟಿಯ ತುಂಬ ಜಪಾನಿ ಅಕ್ಷರ. ಮುಟ್ಟಲು ಧೈರ್ಯ ಬರಲಿಲ್ಲ. ಒಳಗೆ ಮಗು ಅತ್ತಂತಾಯಿತು. ಆಗ ನನಗೆ ನಿಜವಾಗಿ ಭಯವಾಯಿತು, ಅಳು ಬಂತು. ಐವತ್ತೊಂಬತ್ತು ವರ್ಷದ ಹೆಂಗಸು ಹಿಮದಲ್ಲಿ ಸೌಟು ಹಿಡಿದು ನಿಂತು ಅತ್ತೆ, ಮುಚ್ಚುಮರೆಯೇನೂ ಇಲ್ಲ.

ಗಲ್ಲಿಯಲ್ಲಿ ಪೊರಕೆಯ ಸದ್ದು ಕೇಳಿಸಿತು. ಏಳೂವರೆ. ನಾನು ಹೋಗಿ ಹಮಾದಾ ಸಾನ್ ಎದುರು ನಿಂತು ಸುಮಿಮಾಸೆನ್ ಎಂದೆ. ಅವರು ನನ್ನ ಮುಖವನ್ನು, ಸೌಟನ್ನು ನೋಡಿದರು. ಏನೂ ಕೇಳದೆ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಹಿಂದೆ ಬಂದರು. ಅವತ್ತು ಒಂದು ಅಡಿಯ ಲೆಕ್ಕವನ್ನು ಅವರೂ ಬಿಟ್ಟರು.

ಕೆಂಪು ದೀಪ ನೋಡಿದ್ದೇ ಅವರು 'ಆ' ಎಂದು ತಲೆಯಾಡಿಸಿ, ಕೈಸನ್ನೆಯಲ್ಲಿ ಎಲ್ಲವನ್ನೂ ಆರಿಸಲು ಹೇಳಿದರು. ನಾನು ಓಡಿಹೋಗಿ ಒಲೆ, ಹೀಟರು, ಫಲಕ ಎಲ್ಲ ಆರಿಸಿ ಬಂದೆ. ಅವರು ಮೀಟರಿನ ಮೇಲಿದ್ದ ಒಂದು ಮುಚ್ಚಳ ಬಿಚ್ಚಿ, ಒಳಗಿನ ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಟ್ಟರು. ಮೂರು ಬೆರಳು ತೋರಿಸಿದರು. ಮೂರು ನಿಮಿಷ ಕಾಯಬೇಕು. ಅಷ್ಟು ಹೊತ್ತು ಮೀಟರು ಎಲ್ಲಾದರೂ ಸೋರಿಕೆಯಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ.

ಇಬ್ಬರೂ ಕೆಂಪು ದೀಪವನ್ನೇ ನೋಡುತ್ತಾ ನಿಂತೆವು. ಎರಡೂವರೆ ನಿಮಿಷವಾಗಿರಬಹುದು, ಒಳಗಿನಿಂದ ನೀರಿನ ಸದ್ದು. ನಮಿತಾ ಎದ್ದಿದ್ದಳು. ಫಲಕ ಆರಿರುವುದು ಕಂಡು ಅದನ್ನು ಹಾಕಿ, ಕೈ ತೊಳೆಯಲು ಬಿಸಿನೀರು ತಿರುಗಿಸಿದ್ದಳು. ಪರೀಕ್ಷೆಯ ನಡುವೆ ಗ್ಯಾಸು ಎಳೆದರೆ ಮೀಟರು ಸುಮ್ಮನಿರುತ್ತದೆಯೇ, ಮತ್ತೆ ಬಾಗಿಲು ಹಾಕಿಕೊಂಡಿತು. ನಾನು ಕಿಟಕಿಯಿಂದ ಕೂಗಿದೆ: "ನಮಿತಾ, ಏನೂ ಮುಟ್ಬೇಡಮ್ಮ! ಎಲ್ಲ ಆಫ್ ಮಾಡಿ ಮಗೂಗೆ ಹೊದಿಸ್ಕೊಂಡು ಮಲಕ್ಕೋ!" ಎಂಟನೇ ತರಗತಿಯನ್ನು ಗದರುತ್ತಿದ್ದ ದನಿ ಅದು. ಅವಳು ನಲ್ಲಿ ನಿಲ್ಲಿಸಿ, ಫಲಕ ಆರಿಸಿ ಕೋಣೆಗೆ ಹೋದಳು.

ಮತ್ತೆ ಮೂರು ನಿಮಿಷ

ಎರಡನೇ ಸಲ ಗುಂಡಿ ಒತ್ತಿದ ಮೇಲೆ ಹಮಾದಾ ಸಾನ್ ಕೋಟಿನ ಜೇಬಿನಿಂದ ಫೋನ್ ತೆಗೆದರು. ಅವರು ಜಪಾನಿಯಲ್ಲಿ ಹೇಳಿದ್ದನ್ನು ಅದು ಕನ್ನಡದಲ್ಲಿ ಹೇಳುತ್ತಿತ್ತು, ಸರ್ಕಾರಿ ಸುತ್ತೋಲೆ ಓದಿದ ಹಾಗೆ.

"ಭಯಪಡಬೇಡಿ. ಅನಿಲವು ಬಹಳ ಹೊತ್ತು ನಿರಂತರವಾಗಿ ಉರಿದರೆ ಮಾಪಕವು ಚಿಂತಿಸುತ್ತದೆ. ಮನೆಯವರಿಗೆ ಏನೋ ಆಗಿದೆ ಎಂದು ತಿಳಿದು ನಿಲ್ಲಿಸುತ್ತದೆ."

ನನ್ನ ದೊಡ್ಡ ಪಾತ್ರೆ, ಆರದ ಹೀಟರು ಎಲ್ಲ ಕಣ್ಣಮುಂದೆ ಬಂದವು. ಬೆಂಕಿ ಆರಿಸಿದ್ದು ಚಳಿಯಲ್ಲ, ನನ್ನ ಬಾಣಂತನ.

ಅವರು ಗೋಡೆಯಾಚೆ ತಮ್ಮ ಮೀಟರಿನತ್ತ ಕೈ ತೋರಿಸಿ ಮತ್ತೆ ಫೋನಿಗೆ ಹೇಳಿದರು. "ನನ್ನ ಮಾಪಕವು ಬೇರೆ ಕೆಲಸವನ್ನೂ ಮಾಡುತ್ತದೆ. ಬೆಳಗ್ಗೆ ನಾನು ಚಹಾಕ್ಕೆ ಒಲೆ ಹಚ್ಚಿದರೆ ಸಪ್ಪೊರೊದಲ್ಲಿರುವ ಮಗನಿಗೆ ಸಂದೇಶ ಹೋಗುತ್ತದೆ. ಹಚ್ಚದಿದ್ದರೂ ಹೋಗುತ್ತದೆ. ಒಮ್ಮೆ ಹಲ್ಲುನೋವಿನಿಂದ ಚಹಾ ಮಾಡಲಿಲ್ಲ. ಮಧ್ಯಾಹ್ನದೊಳಗೆ ಮಗ ದೂರವಾಣಿ ಮಾಡಿದನು."

"ದಿನಾ ಚಹಾ ಕುಡೀತೀರಾ?" ಎಂದು ಕೇಳಿದೆ. ಬೇರೇನು ಕೇಳಲೂ ತೋಚಲಿಲ್ಲ.

ಫೋನು ಅದನ್ನು ಅವರಿಗೆ ಹೇಳಿತು. ಅವರು ನಕ್ಕರು. "ಕೆಲವು ದಿನ ಬೇಡವೆನಿಸುತ್ತದೆ. ಆದರೂ ಹಚ್ಚುತ್ತೇನೆ. ಅವನು ಕಾಯುತ್ತಿರುತ್ತಾನೆ."

ಊರಿನಲ್ಲಿ ಬಾಯಿಬಿಟ್ಟು ಕೇಳುವ ತಿಂಡಿ ಆಯ್ತಾ ಎಂಬ ಮಾತನ್ನು ಇಲ್ಲಿ ಮೀಟರಿಗೆ ಒಪ್ಪಿಸಿದ್ದಾರೆ, ಪಾಪ ಎಂದು ಮೊದಲು ಅನಿಸಿತು. ಅಷ್ಟರಲ್ಲಿ ಹಮಾದಾ ಸಾನ್ ಇನ್ನೊಂದು ಪ್ರಶ್ನೆ ಕೇಳಿದರು, ಫೋನು ಓದಿತು: "ಭಾರತದಲ್ಲಿ ನೀವು ಒಬ್ಬರೇ ವಾಸಿಸುತ್ತೀರಿ ಎಂದು ಕೇಳಿದ್ದೇನೆ. ನಿಮ್ಮ ಮಾಪಕವು ಯಾರಿಗೆ ತಿಳಿಸುತ್ತದೆ?"

"ತಮ್ಮನಿಗೆ," ಎಂದೆ.

ಸುಳ್ಳು. ಕಂಠಿ ಫೋನ್ ಮಾಡುವುದು ಭಾನುವಾರ, ಅದೂ ಬಿಡುವಿದ್ದರೆ. ಸೋಮವಾರ ನನ್ನ ಒಲೆ ಹೊತ್ತದಿದ್ದರೆ ಇನ್ನೊಂದು ಭಾನುವಾರದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇದು ನನಗೆ ಮುಂಚೆಯೂ ಗೊತ್ತಿತ್ತು, ಆದರೆ ಹೀಗೆ ನೇರ ಪ್ರಶ್ನೆಯಾಗಿ ಎದುರಿಗೆ ಬಂದಿರಲಿಲ್ಲ. ಹಮಾದಾ ಸಾನ್ ನನ್ನ ಉತ್ತರ ಕೇಳಿ ಸಮಾಧಾನದಿಂದ ತಲೆಯಾಡಿಸಿದರು. ಅವರ ಸಮಾಧಾನ ನೋಡಿ ನನಗೆ ಇನ್ನಷ್ಟು ಒಂಟಿ ಅನಿಸಿತು.

ಕೆಂಪು ದೀಪ ಮಿಟುಕುವುದನ್ನು ನಿಲ್ಲಿಸಿತು. ಒಳಗೆ ಹೋಗಿ ಒಲೆ ತಿರುಗಿಸಿದೆ. ನೀಲಿ ಉರಿ ಎದ್ದಿತು. ಹಿಂದಿರುಗಿ ನೋಡುವಷ್ಟರಲ್ಲಿ ಹಮಾದಾ ಸಾನ್ ತಮ್ಮ ಪೊರಕೆ ತೆಗೆದುಕೊಂಡಿದ್ದರು. ನಮ್ಮ ಕಡೆ ಒಂದು ಅಡಿ ಗುಡಿಸಿ ನಿಲ್ಲಿಸಿದರು.

ಬಚ್ಚಲುಮನೆ

ಮಧ್ಯಾಹ್ನ ನಮಿತಾ ಮೀಟರಿನ ಚೀಟಿಯನ್ನು ತಂದು ಓದಿದಳು. ನಾನು ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ. ಅವಳು ಓದುತ್ತಾ ಓದುತ್ತಾ ನಗಲು ಶುರುಮಾಡಿದಳು. ಆ ಮನೆಗೆ ಬಂದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾ, ನಿಮ್ಮ ಬಾಣಂತನ ನೋಡಿ ಮೀಟರ್ರೇ ಹೆದರ್ಕೊಂಡಿದೆ!"

"ನಗು ನಗು. ಮಗು ಎಷ್ಟು ತಣ್ಣಗಾಗಿತ್ತು ಗೊತ್ತಾ?"

ಅವಳ ನಗು ನಿಂತಿತು. "ಗೊತ್ತು. ಎದ್ದಾಗ ಮೈಮೇಲೆ ನಿಮ್ಮ ಸಿಲ್ಕ್ ಸೀರೆ ಇತ್ತು. ಪಾಪು ಅದರ ಮೇಲೆ ಉಚ್ಚೆ ಮಾಡಿದ್ಲು. ಸಾರಿ ಅಕ್ಕಾ." ಚೀಟಿಯನ್ನು ಮಡಿಸುತ್ತಾ ಹೇಳಿದಳು: "ಅಮ್ಮ ಇಲ್ವಲ್ಲ ಅಂತ ದಿನಾ ಅಳು ಬರತ್ತೆ ನಂಗೆ. ನಿಮ್ಮ ಮುಂದೆ ಅಳಬಾರ್ದು ಅಂತ ಮಾತೇ ಆಡ್ತಿರ್ಲಿಲ್ಲ."

ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬರಿಗೆ ಕಾಣದಂತೆ ಇನ್ನೊಬ್ಬರು. ನನಗೂ ಹೇಳಿಕೊಳ್ಳಬೇಕು ಅನಿಸಿತು, ಆದರೆ ಬಾಣಂತಿಯ ಮುಂದೆ ನನ್ನ ಗೋಳು ಬೇಡವೆಂದು ಸುಮ್ಮನಾದೆ. ಮಗುವನ್ನು ನನ್ನ ತೊಡೆಯ ಮೇಲಿಟ್ಟು ಅವಳೇ ಕೇಳಿದಳು: "ನೀರು ಬರ್ತಿದೆಯಲ್ಲ, ಹಾಕ್ತೀರಾ? ಇವತ್ತು ಹತ್ತು ನಿಮಿಷಕ್ಕಿಂತ ಜಾಸ್ತಿ."

ಅವತ್ತು ಅವಳು ಕಣ್ಣು ಮುಚ್ಚಿದ್ದು ಮುಗಿಯಲಿ ಎಂದಲ್ಲ. ಬೆನ್ನಿಗೆ ನೀರು ಬೀಳುವಾಗ ಅತ್ತಳು. ನೀರಿನಲ್ಲಿ ಅತ್ತದ್ದು ಕಾಣುವುದಿಲ್ಲ, ಭುಜ ಅಲುಗಿದ್ದರಿಂದ ಗೊತ್ತಾಯಿತು. ನಾನು ಇನ್ನೆರಡು ಚೊಂಬು ಹಾಕಿದೆ.

ಒಸಾಕಾದ ವಿಮಾನ ನಿಲ್ದಾಣ

ಫೆಬ್ರವರಿ ಕೊನೆಯಲ್ಲಿ ಕಂಠಿ ನನ್ನನ್ನು ಬೀಳ್ಕೊಡಲು ಬಂದ. ರೈಲಿನಲ್ಲಿ ಒಂದೂಕಾಲು ಗಂಟೆ ಪಕ್ಕದಲ್ಲೇ ಕೂತಿದ್ದ. ದಿನಕ್ಕೊಂದು ಸಲ ಒಲೆ ಹಚ್ಚಿದೆಯಾ ಎಂದು ನನ್ನನ್ನು ಕೇಳು ಎಂದು ಹೇಳಬೇಕೆಂದು ಹೊರಟಿದ್ದೆ. ಬಾಯಿ ಬರಲಿಲ್ಲ. ಕೇಳಿ ಪಡೆದ ವಿಚಾರಣೆಗೆ ರುಚಿ ಇರುವುದಿಲ್ಲ ಎಂಬ ಬಿಗುಮಾನ. "ಮೀಟರ್ ಮೇಲೆ ಕಣ್ಣಿಟ್ಟಿರೋ" ಎಂದಷ್ಟೇ ಹೇಳಿದೆ. ಅವನು ಪಾದಕ್ಕೆ ನಮಸ್ಕಾರ ಮಾಡಿ, ಫೋನ್ ನೋಡುತ್ತಾ ಹೋದ.

ಮೈಸೂರು

ಮನೆಗೆ ಬಂದ ಮೊದಲ ಬೆಳಗ್ಗೆ ಒಲೆ ಹೊತ್ತಲಿಲ್ಲ. ಲೈಟರು ಕಿಡಿ ಕೊಡುತ್ತಿತ್ತು, ಉರಿ ಇಲ್ಲ. ಹೊರಡುವಾಗ ರೆಗ್ಯುಲೇಟರನ್ನು ನಾನೇ ಆರಿಸಿ ಹೋಗಿದ್ದೆ. ತಿರುಗಿಸಿದೆ, ಹೊತ್ತಿತು. ಕಾಫಿಗೆ ನೀರಿಟ್ಟು ಎಷ್ಟೋ ಹೊತ್ತು ಆ ಉರಿಯನ್ನೇ ನೋಡುತ್ತಾ ನಿಂತಿದ್ದೆ. ಹಮಾದಾ ಸಾನ್‌ಗೆ ಹೇಳಿದ ಸುಳ್ಳನ್ನು ಇನ್ನು ನಿಜ ಮಾಡಬೇಕೆನಿಸಿತು. ನಾವು ಮೂವರಿರುವ ವಾಟ್ಸಾಪ್ ಗುಂಪಿಗೆ 'ಒಲೆ ಹಚ್ಚಿದೆ' ಎಂದು ಬರೆದು ಕಳಿಸಿದೆ.

ಕಂಠಿ ಬರೆದ: 'ಯಾಕಕ್ಕಾ, ಗ್ಯಾಸ್ ಪ್ರಾಬ್ಲಮ್ಮಾ?'

'ಏನಿಲ್ಲ, ಸುಮ್ನೆ ಹೇಳ್ದೆ' ಎಂದು ಬರೆದೆ. ಮಾರನೆಯ ದಿನವೂ ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಹಾಕಿದ. ಒಂದು ವಾರದ ಮೇಲೆ ಅದೂ ನಿಂತಿತು. ನಮಿತಾ ಒಂದು ಸಲವೂ ಉತ್ತರಿಸಲಿಲ್ಲ, ನೋಡಿದ ಗುರುತು ಮಾತ್ರ ನೀಲಿಯಾಗುತ್ತಿತ್ತು. ಮಗುವಿನ ಕೆಲಸದಲ್ಲಿ ಯಾರು ಓದುತ್ತಾರೆ, ತಲೆಕೆಟ್ಟ ಅಕ್ಕ ಅಂದುಕೊಂಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಬಿಡಲಿಲ್ಲ. ಬೆಳಗ್ಗೆ ಆರೂವರೆಗೆ ಒಲೆ, ಆಮೇಲೆ ಸುದ್ದಿ; ಕ್ಯೋಟೋದಲ್ಲಿ ಆಗ ಹತ್ತು ಗಂಟೆ.

ಮೇ ತಿಂಗಳ ಒಂದು ಬೆಳಗ್ಗೆ ಸಿಲಿಂಡರ್ ಮುಗಿದಿತ್ತು, ಅಲುಗಾಡಿಸಿದರೂ ಪ್ರಯೋಜನವಾಗಲಿಲ್ಲ. ಇಡ್ಲಿ ತಿನ್ನೋಣವೆಂದು ಹೋಟೆಲಿಗೆ ಹೋದೆ. ಫೋನ್ ಮನೆಯಲ್ಲೇ ಉಳಿದಿತ್ತು. ತರಕಾರಿ ಕೊಂಡು ಹತ್ತು ಗಂಟೆಗೆ ಬಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಾಗಿಲು ಬಡಿಯುತ್ತಾ ನಿಂತಿದ್ದ. "ಎಲ್ಲೋಗಿದ್ರಿ ಮೇಡಮ್, ಆಫೀಸ್ ಫೋನಿಗೆ ಜಪಾನಿಂದ ಮೂರು ಸಲ ಕಾಲ್ ಬಂತು!" ಒಳಗೆ ಫೋನ್ ಬಡಿದುಕೊಳ್ಳುತ್ತಿತ್ತು.

"ಅಕ್ಕಾ! ಯಾಕೆ ಇವತ್ತು ಒಲೆ ಹಚ್ಚಿಲ್ಲ?" ಎತ್ತಿದ್ದೇ ನಮಿತಾ ಕೂಗಿದಳು. ಹಿಂದೆ ಮಗು ಕಿರುಚುತ್ತಿತ್ತು.

"ಗ್ಯಾಸ್ ಮುಗಿದಿತ್ತು ಕಣಮ್ಮ."

"ಮುಗೀತು ಅಂತ ಒಂದು ಮೆಸೇಜ್ ಹಾಕೋಕಾಗಲ್ವಾ? ಹತ್ತು ಗಂಟೆಯಿಂದ ಕಾಯ್ತಿದೀನಿ ನಾನು. ಇಲ್ಲಿ ದಿನಾ ಹತ್ತಕ್ಕೆ ಬರತ್ತೆ ನಿಮ್ಮದು. ಈಗ ಒಂದೂವರೆ. ಪಾಪೂಗೂ ಸರಿಯಾಗಿ ಹಾಲು ಕುಡಿಸಿಲ್ಲ. ಯಾರನ್ನ ಕೇಳ್ಬೇಕು ನಾನು, ಹೇಳಿ?"

ಅವಳು ಇನ್ನೂ ಏನೇನೋ ಬೈದಳು. ತರಕಾರಿ ಚೀಲವನ್ನು ನೆಲಕ್ಕಿಟ್ಟು, ಅವಳ ಬೈಗುಳ ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದು ಹಾಗೇ ನಿಂತಿದ್ದೆ.